ಎಲುಬಿಗೆ ತನ್ನದೇ ಪಂಚಾಂಗ

ಬೆಳಗಿನ ಐದೂವರೆ ಗಂಟೆ. ಹಾವೇರಿಯ ಹೊಸಮನಿ ಸಿದ್ದಪ್ಪ ಜಿಲ್ಲಾ ಕ್ರೀಡಾಂಗಣದಲ್ಲಿ, ಹೆಗ್ಗೇರಿ ಕೆರೆಯ ಕಡೆಯ ದಾರಿಯಲ್ಲಿ, ರಾಣೆಬೆನ್ನೂರಿನ ಕಾಲೇಜು ಮೈದಾನಗಳಲ್ಲಿ, ಬ್ಯಾಡಗಿಯಿಂದ ಮೋಟೆಬೆನ್ನೂರಿಗೆ ಹೋಗುವ ರಸ್ತೆಯ ಅಂಚಿನಲ್ಲಿ ಹುಡುಗರು ಓಡುತ್ತಿರುತ್ತಾರೆ. ಕೆಲವರ ಕಣ್ಣು ಅಂತರ ಕಾಲೇಜು ಗುಡ್ಡಗಾಡು ಓಟದ ಮೇಲೆ, ಕೆಲವರದು ಐದು ಸಾವಿರ, ಹತ್ತು ಸಾವಿರ ಮೀಟರ್ ಮೇಲೆ. ಬಹಳಷ್ಟು ಮಂದಿಗೆ ಅದರ ಜೊತೆಗೇ ಇನ್ನೊಂದು ಲೆಕ್ಕವೂ ಇದೆ. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹತ್ತು ಕಿಲೋಮೀಟರ್ ಓಡಿ ರೂಢಿಯಾದವನಿಗೆ ಅದು ಸಲೀಸು ಎಂಬ ಎಣಿಕೆ. ಎಣಿಕೆ ತಪ್ಪೇನಲ್ಲ. ತಪ್ಪುವುದು ಬೇರೆ ಕಡೆ.

ಇಂಥ ಒಬ್ಬ ಹುಡುಗನನ್ನು ಕಣ್ಣಮುಂದೆ ತಂದುಕೊಳ್ಳೋಣ. ಹೆಸರು ಬೇಡ, ಊರಿಗೊಬ್ಬನಾದರೂ ಇಂಥವನು ಇದ್ದೇ ಇರುತ್ತಾನೆ. ವಯಸ್ಸು ಇಪ್ಪತ್ತು. ರಾಣೆಬೆನ್ನೂರು ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ನಾಲ್ಕು ಎಕರೆ ಗೋವಿನಜೋಳ, ಎರಡು ಎಮ್ಮೆ. ಪ್ರೌಢಶಾಲೆಯಲ್ಲಿದ್ದಾಗ ತಾಲ್ಲೂಕು ಮಟ್ಟದಲ್ಲಿ ಮೂರು ಸಾವಿರ ಮೀಟರ್ ಗೆದ್ದವನು. ಜೂನ್ ತಿಂಗಳವರೆಗೆ ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ಕಿ.ಮೀ. ಓಡುತ್ತಿದ್ದ. ಗುಡ್ಡಗಾಡು ಓಟಕ್ಕೆ ಮೂರು ತಿಂಗಳಿದೆ ಎಂದು ತಿಳಿದ ಮೇಲೆ ದಿನಾ ಎಂಟು ಕಿ.ಮೀ. ಶುರು ಮಾಡಿದ. ಮೊದಲ ವಾರ ಏದುಸಿರು. ಮೂರನೆಯ ವಾರಕ್ಕೆ ಉಸಿರು ಹದಕ್ಕೆ ಬಂತು, ಎದೆಯ ಬಡಿತ ತಗ್ಗಿತು, ಕಾಲು ತಾನಾಗಿಯೇ ಓಡುತ್ತದೆ ಎನ್ನಿಸತೊಡಗಿತು. ಸಂತೋಷಕ್ಕೆ ಭಾನುವಾರ ಹದಿನೈದು ಓಡಿದ.

ನಾಲ್ಕನೆಯ ವಾರ ಕಣಕಾಲಿನ ಒಳಮಗ್ಗುಲಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು.

“ಓಡೂಮುಂದ ಮೈ ಬಿಸಿ ಆದ ಮ್ಯಾಲ ಇರಂಗಿಲ್ಲರಿ ಸರ. ಮನಿಗಿ ಹೋಗಿ ಕುಂತ ಮ್ಯಾಲ ಮತ್ತ ಬರತೈತ್ರಿ” ಎಂದು ದೈಹಿಕ ಶಿಕ್ಷಣದ ಮಾಸ್ತರರಿಗೆ ಹೇಳಿದ. ಅವರು ನಾಲ್ಕು ದಿನ ಬಿಡು ಎಂದರು. ಆತ ಎರಡು ದಿನ ಬಿಟ್ಟ. ಅವ್ವ ಎಣ್ಣೆ ಕಾಸಿ ತಿಕ್ಕಿದಳು. ಗೆಳೆಯರು “ನರ ಹಿಡದೈತಿ, ಓಡಿದ್ರ ಬಿಡತೈತಿ” ಎಂದರು. ನಮ್ಮ ಕಡೆ ದೇಹದಲ್ಲಿ ಎಲ್ಲಿ ಏನು ನೊಂದರೂ ತಪ್ಪು ನರದ ಮೇಲೇ! ಔಷಧದ ಅಂಗಡಿಯಲ್ಲಿ ನೋವಿನ ಗುಳಿಗೆ ಸಿಕ್ಕಿತು. ಬೆಳಿಗ್ಗೆ ಒಂದು ನುಂಗಿ ಓಡಿದರೆ ನೋವೇ ಇಲ್ಲ. ಆರನೆಯ ವಾರದಲ್ಲಿ ಮೆಟ್ಟಿಲು ಇಳಿಯುವಾಗಲೂ ನೋವು ಬರತೊಡಗಿದಾಗ ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಹುಡುಗ ಮರುದಿನವೇ ಓಡಲು ಹೋದ.

ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಇಡೀ ಸಂಗತಿಯ ಮರ್ಮ ಇಲ್ಲಿದೆ.

ಓಟ ಕಲಿಯುವ ದೇಹದಲ್ಲಿ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಕಲಿಯುವುದಿಲ್ಲ. ಮೊದಲು ಕಲಿಯುವುದು ರಕ್ತ. ತರಬೇತಿ ಆರಂಭವಾದ ಒಂದೆರಡು ವಾರಗಳಲ್ಲೇ ಅದರ ದ್ರವಭಾಗವಾದ ಪ್ಲಾಸ್ಮಾ ಹೆಚ್ಚುತ್ತದೆ. ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಹೆಚ್ಚು ರಕ್ತ ತಳ್ಳುತ್ತದೆ, ಬಡಿತ ಕಡಿಮೆಯಾಗುತ್ತದೆ. ಅದರ ಬೆನ್ನಿಗೆ, ಒಂದೆರಡು ತಿಂಗಳಲ್ಲಿ, ಸ್ನಾಯುಗಳು ಹದಗೊಳ್ಳುತ್ತವೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆ, ಅವು ತಿಂಗಳುಗಟ್ಟಲೆ ಹಿಂದೆ ಬೀಳುತ್ತವೆ. ಎಲ್ಲಕ್ಕಿಂತ ಕೊನೆಗೆ ಬರುವುದು ಎಲುಬು. ಹೀಗಾಗಿ ಮೂರನೆಯ ವಾರದಲ್ಲಿ ಹುಡುಗನ ಎದೆ “ಇನ್ನೂ ಓಡು” ಎನ್ನುತ್ತಿರುವಾಗ ಕಣಕಾಲಿನ ಎಲುಬು ಇನ್ನೂ ಮೊದಲ ಪಾಠದಲ್ಲೇ ಇರುತ್ತದೆ. ಎದೆಯ ಮಾತು ಕೇಳಿಸುತ್ತದೆ, ಎಲುಬಿನದು ಕೇಳಿಸುವುದಿಲ್ಲ.

ಇನ್ನೂ ವಿಚಿತ್ರವೆಂದರೆ, ಎಲುಬು ಗಟ್ಟಿಯಾಗುವ ಮೊದಲು ಒಂದಿಷ್ಟು ದುರ್ಬಲವಾಗುತ್ತದೆ. ಎಲುಬು ಕಲ್ಲಿನಂತೆ ಸತ್ತ ವಸ್ತುವಲ್ಲ. ಹೊರೆ ಹೆಚ್ಚಿದಾಗ ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಏಳುತ್ತವೆ. ಕೂಡಲೇ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಅಲ್ಲಿಗೆ ಬಂದು ಹಳೆಯ ಎಲುಬನ್ನು ಕರಗಿಸಿ ತೆಗೆಯುತ್ತವೆ. ಆಮೇಲೆ ಆಸ್ಟಿಯೋಬ್ಲಾಸ್ಟ್ ಎಂಬ ಇನ್ನೊಂದು ಬಗೆಯ ಕೋಶಗಳು ಬಂದು ಹೊಸದನ್ನು ತುಂಬುತ್ತವೆ. ಮಣ್ಣಿನ ಗೋಡೆ ದುರಸ್ತಿ ಮಾಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಡಿಲಾದ ಮಣ್ಣನ್ನು ಕೆದರಿ ತೆಗೆಯದೆ ಹೊಸ ಮಣ್ಣು ಹಿಡಿಯುವುದಿಲ್ಲ. ಕೆದರಿದ ಮೇಲೆ, ಹೊಸ ಮಣ್ಣು ಒಣಗುವ ಮುಂಚೆ ಜಡಿಮಳೆ ಹಿಡಿದರೆ ಗೋಡೆ ಕೂರುತ್ತದೆ. ಎಲುಬಿನಲ್ಲಿ ಕೆದರುವ ಕೆಲಸಕ್ಕೆ ಎರಡು-ಮೂರು ವಾರ ಸಾಕು. ತುಂಬುವ ಕೆಲಸಕ್ಕೆ ಮೂರು-ನಾಲ್ಕು ತಿಂಗಳು ಬೇಕು. ನಮ್ಮ ಹುಡುಗ ತನ್ನ ಹದಿನೈದು ಕಿಲೋಮೀಟರ್ ಓಡಿದ್ದು ಗೋಡೆ ಕೆದರಿ ಬಿಟ್ಟ ವಾರದಲ್ಲಿ.

ಹೊರೆ ಎಷ್ಟು ಎಂಬುದನ್ನೂ ನೋಡಿ. ಓಡುವಾಗ ಒಂದೊಂದು ಹೆಜ್ಜೆಗೂ ನೆಲ ಕಾಲಿಗೆ ತಿರುಗಿ ಕೊಡುವ ಬಲ ದೇಹದ ತೂಕದ ಎರಡರಿಂದ ಮೂರು ಪಟ್ಟು. ಹೆಜ್ಜೆಗೆ ಸುಮಾರು ಒಂದು ಮೀಟರ್ ಎಂದು ಹಿಡಿದರೆ ಎಂಟು ಕಿಲೋಮೀಟರಿಗೆ ಎಂಟು ಸಾವಿರ ಹೆಜ್ಜೆ, ಒಂದೊಂದು ಕಾಲಿಗೆ ನಾಲ್ಕು ಸಾವಿರ. ಐವತ್ತೈದು ಕಿಲೋ ತೂಗುವ ಹುಡುಗನ ಒಂದು ಕಣಕಾಲು ಒಂದು ಬೆಳಿಗ್ಗೆ ನಾಲ್ಕು ಸಾವಿರ ಸಲ ಕ್ವಿಂಟಲಿಗಿಂತ ಹೆಚ್ಚಿನ ಹೊರೆ ತಡೆಯುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಚೀಲ ಹೊರುವ ಹಮಾಲರೂ ಇಷ್ಟು ಸಲ ಹೊರಲಾರರು.

ಇದು ಹೊಸ ಕಾಯಿಲೆಯೂ ಅಲ್ಲ. 1855ರಲ್ಲಿ ಬ್ರೈಟ್‌ಹೌಪ್ಟ್ ಎಂಬ ಪ್ರಷ್ಯನ್ ಸೇನಾ ವೈದ್ಯ, ದೂರದ ಕವಾಯತಿನ ನಂತರ ಪಾದ ಊದಿಸಿಕೊಂಡು ಬರುವ ಸಿಪಾಯಿಗಳ ಬಗ್ಗೆ ಬರೆದಿದ್ದ. ಕಾರಣ ಆಗ ಗೊತ್ತಾಗಲಿಲ್ಲ. 1895ರಲ್ಲಿ ರಾಂಟ್‌ಜೆನ್ ಕ್ಷಕಿರಣ ಕಂಡುಹಿಡಿದ. ಅದಾದ ಎರಡೇ ವರ್ಷಕ್ಕೆ ಈ ಊದಿದ ಪಾದಗಳ ಒಳಗೆ ಮುರಿದ ಎಲುಬು ಇರುವುದು ಗೊತ್ತಾಯಿತು. ಬಿದ್ದು ಮುರಿದದ್ದಲ್ಲ, ನಡೆದು ನಡೆದು ಮುರಿದದ್ದು. ಇಂದಿಗೂ ಸೇನಾ ತರಬೇತಿಯ ಮೊದಲ ಕೆಲವು ವಾರಗಳಲ್ಲೇ ಇದು ಹೆಚ್ಚು. ಬಿರುಕು ಕೂದಲಿಗಿಂತ ಸಣ್ಣದಾದ್ದರಿಂದ ಮೊದಲ ಎರಡು-ಮೂರು ವಾರ ಬಹುತೇಕ ಎಕ್ಸ್‌ರೇಗಳಲ್ಲಿ ಕಾಣುವುದಿಲ್ಲ. ಅದರ ಸುತ್ತ ಹೊಸ ಎಲುಬು ಕಟ್ಟಲು ತೊಡಗಿದ ಮೇಲೆಯೇ ಬಿಳಿಯ ಗುರುತು ಮೂಡುತ್ತದೆ. ಎಂ.ಆರ್.ಐ. ಮೊದಲೇ ತೋರಿಸುತ್ತದೆ ನಿಜ, ಆದರೆ ಕಣಕಾಲಿನ ನೋವಿಗೆ ಹುಬ್ಬಳ್ಳಿಗೆ ಹೋಗಿ ಸಾವಿರಾರು ರೂಪಾಯಿ ಕೊಡುವ ಮನೆಗಳು ಎಷ್ಟಿವೆ?

ಹಣ ಖರ್ಚಿಲ್ಲದ ಪರೀಕ್ಷೆ ಒಂದಿದೆ, ಅದು ಬೆರಳಿನದು. ಕಣಕಾಲಿನ ಒಳಅಂಚಿನ ಮೇಲೆ ಹೆಬ್ಬೆರಳು ಒತ್ತುತ್ತ ಹೋಗಬೇಕು. ನಾಲ್ಕು ಬೆರಳಗಲಕ್ಕೂ ಮೀರಿ ಉದ್ದಕ್ಕೆ ನೋವಿದ್ದು, ಓಡುತ್ತ ಮೈ ಬಿಸಿಯಾದಾಗ ಅದು ಕಡಿಮೆಯಾಗುವಂತಿದ್ದರೆ ಅದು ಎಲುಬಿನ ಮೇಲ್ಪದರದ ತಕರಾರು. ಅದು ಎಚ್ಚರಿಕೆ, ಓಟ ತಗ್ಗಿಸಿದರೆ ವಾಸಿಯಾಗುತ್ತದೆ. ನೋವು ನಾಣ್ಯದಷ್ಟು ಜಾಗದಲ್ಲೇ ಚುಚ್ಚುವಂತಿದ್ದು, ಓಡಿದಷ್ಟೂ ಏರುತ್ತ, ರಾತ್ರಿ ಮಲಗಿದಾಗಲೂ ಮಿಡಿಯುತ್ತಿದ್ದರೆ, ಕುಂಟಬಿಲ್ಲೆ ಆಡುವಂತೆ ಆ ಕಾಲಿನ ಮೇಲೆ ಕುಪ್ಪಳಿಸಲು ಆಗದಿದ್ದರೆ, ಎಕ್ಸ್‌ರೇ ಏನೇ ಹೇಳಲಿ, ಬಿರುಕು ಇದೆ ಎಂದೇ ತಿಳಿದು ಓಟ ನಿಲ್ಲಿಸಬೇಕು, ಎಲುಬಿನ ವೈದ್ಯರನ್ನು ಕಾಣಬೇಕು. ಮೊದಲನೆಯದು ಎರಡನೆಯದಾಗಿ ಬದಲಾದದ್ದು ಹುಡುಗನಿಗೆ ತಿಳಿಯದೇ ಹೋದದ್ದಕ್ಕೆ ಕಾರಣ ಆ ಗುಳಿಗೆ. ಡೈಕ್ಲೋಫೆನಾಕ್‌ನಂಥ ಗುಳಿಗೆಗಳು ನೋವನ್ನು ಮುಚ್ಚುತ್ತವೆಯೇ ಹೊರತು ಬಿರುಕನ್ನಲ್ಲ. ಅಲ್ಲದೆ ಬೆವರು ಸುರಿದು ಮೈಯಲ್ಲಿ ನೀರು ಕಡಿಮೆಯಾದಾಗ ಅವು ಮೂತ್ರಪಿಂಡಕ್ಕೂ ಒಳ್ಳೆಯದಲ್ಲ.

ಬಹುಮಾನ ವಿತರಣೆಯ ಸಭೆಗಳಲ್ಲಿ ಮುಖ್ಯ ಅತಿಥಿಗಳು ಹೇಳುವ ಒಂದು ಕಥೆ ಎಲ್ಲರಿಗೂ ಪರಿಚಿತ. 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಇಥಿಯೋಪಿಯದ ಅಬೆಬೆ ಬಿಕಿಲ, 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಐದು ವಾರವಿರುವಾಗ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅಲ್ಲಿಯೂ 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಗೆದ್ದ. ಮನಸ್ಸಿದ್ದರೆ ನೋವು ಲೆಕ್ಕಕ್ಕಿಲ್ಲ ಎಂದು ಭಾಷಣ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ. ಕಥೆಯ ಉಳಿದ ಭಾಗವನ್ನು ಯಾರೂ ಹೇಳುವುದಿಲ್ಲ. 1968ರಲ್ಲಿ ಮೆಕ್ಸಿಕೊದಲ್ಲಿ ಅದೇ ಬಿಕಿಲ ಕಾಲಿನ ಪೆಟ್ಟಿನಿಂದಾಗಿ ಅರ್ಧ ದಾರಿಯನ್ನೂ ಮುಟ್ಟದೆ ಓಟ ಬಿಟ್ಟ. ಗೆದ್ದದ್ದು ಅವನ ದೇಶದವನೇ ಆದ ಮಾಮೊ ವೋಲ್ಡೆ. ಮನಸ್ಸು ಅದೇ, ಮನುಷ್ಯ ಅವನೇ. ಹೊಟ್ಟೆಯ ಹೊಲಿಗೆ ಐದು ವಾರದಲ್ಲಿ ಕೂಡಿತ್ತು, ಕಾಲು ಮಾತ್ರ ಮನಸ್ಸಿನ ಮಾತು ಕೇಳಲಿಲ್ಲ.

ಅಮೆರಿಕದ ಜೋನ್ ಬೆನೊಯ್ಟ್ ಕಥೆಯೂ ಹೀಗೆಯೇ. 1984ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ಹದಿನೇಳೇ ದಿನಕ್ಕೆ ಆಕೆ ಆಯ್ಕೆ ಓಟ ಗೆದ್ದಳು. ಅದೇ ವರ್ಷ ಲಾಸ್ ಏಂಜಲೀಸ್‌ನಲ್ಲಿ ಮಹಿಳೆಯರಿಗಾಗಿ ನಡೆದ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನಿನ ಚಿನ್ನವನ್ನೂ ಪಡೆದಳು. ಕೇಳಿದವರಿಗೆ ಮೈ ಝುಮ್ಮೆನ್ನುತ್ತದೆ. ಆದರೆ ವೈದ್ಯರು ಕತ್ತರಿಸಿ ತೆಗೆದದ್ದು ಕೀಲಿನೊಳಗೆ ಸಿಕ್ಕಿಕೊಳ್ಳುತ್ತಿದ್ದ ಒಂದು ಎಳೆಯನ್ನು. ಅಡ್ಡಿ ತೆಗೆದೊಡನೆ ಕೀಲು ಸರಿಯಾಯಿತು. ಬಿರುಕಾಗಿದ್ದರೆ ಹದಿನೇಳು ದಿನದಲ್ಲಿ ಕೆದರುವ ಕೆಲಸವೂ ಸರಿಯಾಗಿ ಮುಗಿಯುತ್ತಿರಲಿಲ್ಲ. ಪೆಟ್ಟಾದದ್ದು ಯಾವ ಭಾಗಕ್ಕೆ ಎಂದು ಹೇಳದೆ ಇಂಥ ಕಥೆಗಳನ್ನು ಮಕ್ಕಳಿಗೆ ಹೇಳುವುದು ರೋಗದ ಹೆಸರು ಹೇಳದೆ ಔಷಧ ಕೊಟ್ಟಂತೆ.

ಹೇಳಲೇಬೇಕೆಂದರೆ ನಮ್ಮ ಕಡೆಯವನದೇ ಒಂದು ಓಟವಿದೆ. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮ್ಯಾರಥಾನ್ ಓಡಿದ. ಪುಣೆಯ ಡೆಕ್ಕನ್ ಜಿಮಖಾನಾದ ಕೂಟದಲ್ಲಿ ಬರಿಗಾಲಲ್ಲಿ ಓಡುವ ರೈತರನ್ನು ಕಂಡು ಬೆರಗಾದ ದೊರಾಬ್ಜಿ ಟಾಟಾ ಅವರು ಮುಂದೆ ನಿಂತು ಕಳಿಸಿದ ಚಿಕ್ಕ ತಂಡ ಅದು. ಓಟ ನಡೆದದ್ದು ಆಗಸ್ಟ್ 22ರಂದು, ಮಳೆಯಲ್ಲಿ. ಅಂದಿನ ದೂರ 42.75 ಕಿ.ಮೀ., ಇಂದಿನ ಅಳತೆಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಓಡಿ ಹತ್ತೊಂಬತ್ತನೆಯವನಾದ. ಜೊತೆಗೆ ಹೋಗಿದ್ದ ಸದಾಶಿವ ದಾತಾರ ಓಟ ಪೂರೈಸಲಿಲ್ಲ. ಮ್ಯಾರಥಾನಿನಲ್ಲಿ ಪೂರೈಸುವುದೇ ಒಂದು ಸಾಧನೆ ಎಂಬುದಕ್ಕೆ ಒಂದೇ ತಂಡದ ಈ ಇಬ್ಬರು ಸಾಕು.

ಅಂದು ಗೆದ್ದವನು ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್. 1912ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಐದು ಸಾವಿರ, ಹತ್ತು ಸಾವಿರ ಮೀಟರ್ ಮತ್ತು ಗುಡ್ಡಗಾಡು ಓಟ ಮೂರರಲ್ಲೂ ಚಿನ್ನ ಗೆದ್ದಿದ್ದವನು. 1916ರ ಒಲಿಂಪಿಕ್ಸನ್ನು ಮಹಾಯುದ್ಧ ನುಂಗಿತು. ನಡುವಿನ ವರ್ಷಗಳಲ್ಲಿ ಅಮೆರಿಕಕ್ಕೆ ಹೋಗಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿದ. ಎಂಟು ವರ್ಷ ಕಳೆದು, ಮೂವತ್ತರ ವಯಸ್ಸಿನಲ್ಲಿ ಬಂದು ಮ್ಯಾರಥಾನ್ ಗೆದ್ದ. ದೂರದ ಓಟಗಾರರು ಹಣ್ಣಾಗುವುದೇ ತಡವಾಗಿ. ಪೋರ್ಚುಗಲ್‌ನ ಕಾರ್ಲೋಸ್ ಲೋಪೆಸ್ 1984ರ ಮ್ಯಾರಥಾನ್ ಗೆದ್ದಾಗ ಮೂವತ್ತೇಳು ವರ್ಷದವನಾಗಿದ್ದ. ಇಪ್ಪತ್ತರ ಹುಡುಗನಿಗೆ ಆರು ವಾರ ಹೋದರೆ ಓಟದ ಲೆಕ್ಕದಲ್ಲಿ ಏನೂ ಹೋಗಲಿಲ್ಲ. ಹೋಗುವುದು ನೌಕರಿಯ ಲೆಕ್ಕದಲ್ಲಿ. ಎಲುಬಿಗೆ ವಯೋಮಿತಿಯಿಲ್ಲ, ಅರ್ಜಿಗಿದೆ. ಮನೆಯವರ ಆತುರ ಹುಟ್ಟುವುದು ಅಲ್ಲಿಂದಲೇ. ಅದನ್ನು ಬರೀ ಅಜ್ಞಾನ ಎನ್ನುವುದು ನ್ಯಾಯವಲ್ಲ.

ಹಾಗಾದರೆ ಎಷ್ಟರಂತೆ ಹೆಚ್ಚಿಸಬೇಕು? ವಾರಕ್ಕೆ ಶೇ 10ರಷ್ಟು ಎಂಬ ಸೂತ್ರ ಬಹಳ ಪ್ರಸಿದ್ಧ. ನೆದರ್‌ಲೆಂಡ್ಸ್‌ನಲ್ಲಿ ಐನೂರಕ್ಕೂ ಹೆಚ್ಚು ಹೊಸ ಓಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಈ ಸೂತ್ರದಂತೆ, ಇನ್ನೊಂದಕ್ಕೆ ಸ್ವಲ್ಪ ಬೇಗನೆ ಹೆಚ್ಚಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಎರಡರಲ್ಲೂ ಐವರಲ್ಲಿ ಒಬ್ಬರಿಗೆ ಗಾಯ. ಎಂದರೆ ಹತ್ತು ಎಂಬುದರಲ್ಲಿ ಮಂತ್ರವೇನಿಲ್ಲ. ಆದರೆ ವಾರಕ್ಕೆ ಒಂಬತ್ತು ಕಿಲೋಮೀಟರಿನಿಂದ ಒಮ್ಮೆಗೇ ಐವತ್ತಾರಕ್ಕೆ ಹಾರುವುದು ಯಾವ ಸೂತ್ರದಲ್ಲೂ ಕೂರುವುದಿಲ್ಲ. ಮೂರು ವಾರ ಏರಿಸಿ ನಾಲ್ಕನೆಯ ವಾರ ಬೇಕೆಂದೇ ಇಳಿಸುವ ಪದ್ಧತಿ ಅನುಭವಿ ತರಬೇತುದಾರರಲ್ಲಿದೆ. ಎಲುಬಿನ ಪಂಚಾಂಗಕ್ಕೆ ಅದು ಹೊಂದುತ್ತದೆ.

ನೆಲದ ಬಗ್ಗೆಯೂ ಒಂದು ಮಾತು. ಡಾಂಬರು ಗಟ್ಟಿ, ಹೆದ್ದಾರಿಯ ಅಂಚು ಇಳಿಜಾರು. ದಿನಾ ಒಂದೇ ಬದಿಯಲ್ಲಿ ಓಡಿದರೆ ಒಂದು ಕಾಲಿಗೆ ಹೆಚ್ಚು ಪೆಟ್ಟು, ನಸುಕಿನಲ್ಲಿ ಲಾರಿಗಳ ಭಯ ಬೇರೆ. ಎರೆ ಹೊಲದ ದಾರಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಪಾದ ಹೊರಳಿಸುತ್ತದೆ, ಮಳೆಗಾಲದಲ್ಲಿ ಬೂಟಿಗೆ ಸೇರು ಮಣ್ಣು ಅಂಟಿಸುತ್ತದೆ. ಮಸಾರಿ ನೆಲದ ದಾರಿ, ಶಾಲೆಯ ಮೈದಾನ ವಾಸಿ.

ಊಟದ ವಿಷಯಕ್ಕೆ ಬಂದರೆ, ಜೋಳದ ರೊಟ್ಟಿ ಶಕ್ತಿಗೆ ಒಳ್ಳೆಯದೇ. ಆದರೆ ಸುಣ್ಣದಂಶದಲ್ಲಿ ಬಡವ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ ಜೋಳದಲ್ಲಿ ಮೂವತ್ತೂ ಇಲ್ಲ. ಮೊಸರು, ಮಜ್ಜಿಗೆ, ಗುರೆಳ್ಳು ಚಟ್ನಿ, ಸೊಪ್ಪಿನ ಪಲ್ಯ ರೊಟ್ಟಿಯ ಜೊತೆಗೆ ಬಂದದ್ದು ಸುಮ್ಮನೆ ಅಲ್ಲ. ಎಮ್ಮೆಯ ಹಾಲೆಲ್ಲ ಡೇರಿಗೆ ಹೋಗಿ, ಓಡುವ ಹುಡುಗ ಕಪ್ಪು ಚಹಾ ಕುಡಿಯುವ ಮನೆಗಳಿವೆ. ಅಮೆರಿಕದ ನೌಕಾಪಡೆಗೆ ಸೇರಿದ ಐದು ಸಾವಿರಕ್ಕೂ ಹೆಚ್ಚು ಯುವತಿಯರ ಮೇಲಿನ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವ ಪಡೆದವರಲ್ಲಿ ಈ ಬಗೆಯ ಬಿರುಕು ಸುಮಾರು ಶೇ 20ರಷ್ಟು ಕಡಿಮೆಯಿತ್ತು.

ಹೆಣ್ಣುಮಕ್ಕಳ ವಿಷಯದಲ್ಲಿ ಸಂಕೋಚ ಬಿಟ್ಟು ಹೇಳಬೇಕಾದ್ದು ಒಂದಿದೆ. ಹೆಚ್ಚು ಓಡಿ ಕಡಿಮೆ ಉಂಡಾಗ ಮುಟ್ಟು ತಪ್ಪುತ್ತದೆ. “ಓಟದಾಗ ಹಂಗ ಆಗತೈತಿ ಬಿಡು” ಎಂದು ಬಿಡುವವರೇ ಹೆಚ್ಚು. ದೇಹ ತನಗೆ ಸಿಗುವ ಅನ್ನ ಸಾಲದೆಂದು ಕೆಲವು ಕೆಲಸ ನಿಲ್ಲಿಸಿದ ಗುರುತು ಅದು. ಎಲುಬನ್ನು ಕಾಯುವ ಈಸ್ಟ್ರೊಜೆನ್ ರಸದೂತವೂ ಅದರೊಂದಿಗೆ ಇಳಿಯುತ್ತದೆ. ಮೂರು ತಿಂಗಳು ಮುಟ್ಟು ಬಾರದ ಓಟಗಾರ್ತಿ ಕಾಲು ನೋಯಲಿ ಬಿಡಲಿ ವೈದ್ಯರನ್ನು ಕಾಣಬೇಕು. ಶಾಲೆಯಲ್ಲಿ ಇದನ್ನು ಕೇಳುವ ಶಿಕ್ಷಕಿಯೊಬ್ಬರಾದರೂ ಇರಬೇಕು.

ನಮ್ಮ ಹುಡುಗನ ಎರಡನೆಯ ಎಕ್ಸ್‌ರೇಯಲ್ಲಿ ಬಿಳಿಯ ಗೆರೆ ಕಂಡಿತು. ಗುಡ್ಡಗಾಡು ಓಟ ಹೋಯಿತು. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಗೆ ಇನ್ನೂ ತಿಂಗಳುಗಳಿವೆ. ಓಟ ಬಿಟ್ಟರೆ ಉಸಿರು ಹೋಗುತ್ತದೆಂಬುದೇ ಅವನ ಚಿಂತೆ. ಅದರಲ್ಲಿ ಅರ್ಧ ಮಾತ್ರ ನಿಜ. ಎರಡು ವಾರ ಸುಮ್ಮನಿದ್ದರೆ ದಮ್ಮು ಇಳಿಯುವುದು ಸ್ವಲ್ಪವೇ. ತಿಂಗಳುಗಟ್ಟಲೆ ಬಿಟ್ಟರೆ ಮಾತ್ರ ದೊಡ್ಡ ನಷ್ಟ. ಎದೆಗೆ ಕೆಲಸ ಕೊಟ್ಟು ಎಲುಬಿಗೆ ರಜೆ ಕೊಡುವ ದಾರಿಗಳಿವೆ. ಈಜು ಬಲ್ಲವನಿಗೆ ಈಜು. ಇಲ್ಲವೆ ಸೈಕಲ್. ಎಂಟನೆಯ ತರಗತಿಯಲ್ಲಿ ಸರ್ಕಾರದಿಂದ ಬಂದ ಸೈಕಲ್ಲು ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿತ್ತು. ಚೈನಿಗೆ ಎಣ್ಣೆ ಬಿತ್ತು, ಎರಡು ಟ್ಯೂಬು ಬದಲಾದವು. ನಡೆಯುವಾಗ ನೋವು ಹೋದ ಮೇಲೆ, ವೈದ್ಯರನ್ನು ಕೇಳಿ, ದಿನಾ ಬೆಳಿಗ್ಗೆ ಒಂದು ತಾಸು. ಗುಡ್ಡದ ಏರಿನಲ್ಲಿ ಎದೆ ಹೊಡೆದುಕೊಂಡದ್ದು ಕಂಡು ಅವನಿಗೇ ಧೈರ್ಯ ಬಂತು.

ಗೆರೆ ಕಂಡ ಎಂಟನೆಯ ವಾರ, ಬೆರಳು ಒತ್ತಿದರೂ ಕುಪ್ಪಳಿಸಿದರೂ ನೋವಿಲ್ಲವೆಂದು ಖಚಿತವಾದ ಮೇಲೆ, ಮಾಸ್ತರರು ಅವನನ್ನು ಮೈದಾನಕ್ಕೆ ಕರೆದರು. ಐದು ನಿಮಿಷ ನಡಿಗೆ, ಒಂದು ನಿಮಿಷ ಓಟ, ಹೀಗೆ ನಾಲ್ಕು ಸಲ. ಒಂದು ದಿನ ಬಿಟ್ಟು ಒಂದು ದಿನ. ಹುಡುಗ ಮೊದಲ ನಿಮಿಷದಲ್ಲೇ ಹಳೆಯ ವೇಗಕ್ಕೆ ಏರಿದ. ಮೈದಾನದ ಆ ತುದಿ ಮುಟ್ಟುವಷ್ಟರಲ್ಲಿ ಸೀಟಿ ಕೇಳಿಸಿತು.

“ಸಾಕು, ನಡಿ ಈಗ.”

“ಇನ್ನೊಂದು ರೌಂಡ್ ಓಡತೀನ್ರಿ ಸರ, ಏನೂ ನೋವಿಲ್ಲ.”

“ಗೊತ್ತೈತಿ. ನಡಿ.”